ಐನೂರು ಜನ ಇದ್ದರೆ ಒಬ್ಬ ಸೇಫ್ಟಿ ಆಫೀಸರ್

ಮೋಲ್ಡ್ ಹಾಕಿದ ಮೇಲೆ, ಅಂದರೆ ತಾರಸಿಗೆ ಕಾಂಕ್ರೀಟ್ ಸುರಿದ ಮೇಲೆ, ಅದನ್ನು ಹೊತ್ತು ನಿಂತ ಸೆಂಟ್ರಿಂಗ್ ಕಂಬಗಳನ್ನು ಎಷ್ಟು ದಿನಕ್ಕೆ ತೆಗೆಯಬೇಕು? ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ, ಸಾಮಾನ್ಯ ಸಿಮೆಂಟ್ ಆದರೆ, ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕನಿಷ್ಠ 7 ದಿನ. ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಆರು ಮೀಟರ್ ದಾಟಿದ ಬೀಮ್‌ಗೆ 21 ದಿನ. ನಮ್ಮ ಬೀದಿಯಲ್ಲಿ ಮನೆ ಕಟ್ಟಿಸುತ್ತಿರುವ ಮೇಸ್ತ್ರಿಯನ್ನು ಕೇಳಿದೆ. ಅವರು ನಕ್ಕರು: "ಶೀಟು, ಜಾಕಿ ಎಲ್ಲಾ ಬಾಡಿಗೇದು ಸಾರ್. ದಿನದ ಲೆಕ್ಕ."

ಕಟ್ಟಡ ಕೆಲಸದ ಅಪಾಯ ಶುರುವಾಗುವುದೇ ಈ ಬಾಡಿಗೆ ಲೆಕ್ಕದಲ್ಲಿ. ಕಾನೂನು ಇಲ್ಲಿಗೆ ಬಂದದ್ದು ಬಹಳ ತಡವಾಗಿ, ಅದೂ ಅರ್ಧ ದಾರಿವರೆಗೆ ಮಾತ್ರ.

1983ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಪಕ್ಕ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ಹಳಬರಿಗೆ ಈಗಲೂ ನೆನಪಿದೆ. ಆಗ ಕಟ್ಟಡ ಕಾರ್ಮಿಕರಿಗೆಂದೇ ಒಂದು ಕೇಂದ್ರ ಕಾಯ್ದೆ ಇರಲಿಲ್ಲ. ಅದಕ್ಕಾಗಿ ಕಾರ್ಮಿಕ ಸಂಘಟನೆಗಳು ವರ್ಷಗಟ್ಟಲೆ ಓಡಾಡಿದವು. ಕಾಯ್ದೆ ಬಂದದ್ದು 1996ರಲ್ಲಿ. ಕರ್ನಾಟಕದ ನಿಯಮಗಳು 2006ರಲ್ಲಿ, ಕಲ್ಯಾಣ ಮಂಡಳಿ 2007ರಲ್ಲಿ. ಹತ್ತು ವರ್ಷ ಸುಮ್ನೆ ಹೋಯಿತು, ಅಲ್ವಾ?

ಆ ಕಾಯ್ದೆಯ ಜೊತೆಗೇ ಬಂದು ಗಟ್ಟಿಯಾಗಿ ಬೇರು ಬಿಟ್ಟದ್ದು ಕಟ್ಟಡದ ಖರ್ಚಿನ ಮೇಲಿನ ಶೇ. 1ರ ಸೆಸ್. ಆ ದುಡ್ಡಿನಿಂದ ಲೇಬರ್ ಕಾರ್ಡ್ ಇದ್ದವರಿಗೆ ಮದುವೆ, ಓದು, ಆಸ್ಪತ್ರೆ ಖರ್ಚಿಗೆ ನೆರವು, ಸತ್ತರೆ ಪರಿಹಾರ. ಒಳ್ಳೆಯದೇ. ಆದರೆ ಪರಿಹಾರ ಸಿಗುವುದು ಬಿದ್ದ ಮೇಲೆ. ಬೀಳದ ಹಾಗೆ ನೋಡಿಕೊಳ್ಳಬೇಕಿದ್ದ ಸೇಫ್ಟಿ ಆಫೀಸರ್, ಸುರಕ್ಷತಾ ಸಮಿತಿ ಕಡ್ಡಾಯವಾದದ್ದು 500 ಜನ ದುಡಿಯುವ ಕಡೆ ಮಾತ್ರ.

ದೊಡ್ಡ ಸೈಟ್‌ನಲ್ಲಿ ಎಲ್ಲ ಸರಿ ಅಂತಲ್ಲ. 2023ರ ಜನವರಿಯಲ್ಲಿ ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಪಿಲ್ಲರ್‌ಗೆ ನಿಲ್ಲಿಸಿದ್ದ ಕಬ್ಬಿಣದ ಕಂಬಿಯ ಚೌಕಟ್ಟು ರಸ್ತೆಗೆ ಉರುಳಿ, ಬೈಕಿನಲ್ಲಿದ್ದ ತಾಯಿ, ಮಗು ತೀರಿಕೊಂಡರು. ಕಾಂಕ್ರೀಟ್ ಬೀಳುವ ತನಕ ಆ ಚೌಕಟ್ಟಿಗೆ ಸ್ವಂತ ಬಲ ಕಡಿಮೆ. ಅದನ್ನು ಹಿಡಿದು ನಿಲ್ಲಿಸುವುದು ಸುತ್ತ ಎಳೆದು ಕಟ್ಟಿದ ಆಧಾರಗಳೇ.

ಆದರೂ ನನ್ನ ಕಣ್ಣು ಹೋಗುವುದು ನಡುವಿನ, ಚಿಕ್ಕ ಕಟ್ಟಡಗಳ ಕಡೆಗೇ. ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಬಿದ್ದ ಕಟ್ಟಡದಲ್ಲಿ 19 ಜನ ಸತ್ತರು. ಮೇಲೆ ಕೆಲಸ ಮುಗಿದಿರಲಿಲ್ಲ, ಕೆಳಗೆ ಆಗಲೇ ಅಂಗಡಿಗಳು ತೆರೆದಿದ್ದವು. 2024ರ ಅಕ್ಟೋಬರ್‌ನಲ್ಲಿ, ಜೋರು ಮಳೆಯ ಹೊತ್ತಲ್ಲಿ, ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಇನ್ನೊಂದು ಬಿತ್ತು. ಸತ್ತವರು ಹೊಟ್ಟೆಪಾಡಿಗೆ ಬಂದಿದ್ದ ಕೂಲಿಗಳು.

ಕಾರ್ಮಿಕರ ಸುರಕ್ಷತೆ ಕುರಿತ 2020ರ ಹೊಸ ಕೇಂದ್ರ ಸಂಹಿತೆ, ಸೇಫ್ಟಿ ಆಫೀಸರ್ ಮಟ್ಟಿಗೆ, ಆ 500ನ್ನು 250ಕ್ಕೆ ಇಳಿಸಿದೆ. ನಮ್ಮ ಬೀದಿಯ ಸೈಟ್‌ಗೆ ಇದರಿಂದ ಏನೂ ಆಗದು. ಅಲ್ಲಿ ದಿನಾ ಇರುವುದು ಎಂಟೋ ಒಂಬತ್ತೋ ಜನ. ಮೋಲ್ಡ್ ದಿನ ಮಾತ್ರ ಮಿಕ್ಸರ್ ಜೊತೆ ಇನ್ನೊಂದು ಗುಂಪು ಬಂದು ಇಪ್ಪತ್ತು ದಾಟುತ್ತದೆ. 1996ರ ಕಾಯ್ದೆ ಅನ್ವಯವಾಗಲು ವರ್ಷದಲ್ಲಿ ಒಂದು ದಿನ ಹತ್ತು ಜನ ಇದ್ದರೂ ಸಾಕಿತ್ತು. ಮೋಲ್ಡ್ ದಿನ ಹಸಿ ಕಾಂಕ್ರೀಟಿನ ಭಾರವೆಲ್ಲ ನೀಲಗಿರಿ ಕಂಬಗಳ ಮೇಲೆ. ಎರಡು ಕಂಬ ಉದ್ದ ಸಾಲದೆ ಅಡಿಗೆ ಇಟ್ಟಿಗೆ ಕೊಟ್ಟಿದ್ದರು. ಇಡೀ ಸೈಟಿನಲ್ಲಿ ಹೆಲ್ಮೆಟ್ ಇದ್ದದ್ದು ಒಂದೇ. ಅದು ಮೇಸ್ತ್ರಿಯ ಬೈಕಿನ ಕನ್ನಡಿಗೆ ನೇತಾಡುತ್ತಿತ್ತು.