ರಿಯಾದ್ ಬುಕ್ ಮಾಡುವ ಮುಂಚೆ ಗೋಡೆಯ ಬುಡ ನೋಡಿ

ಮೊರಾಕ್ಕೊಗೆ ಹೊರಟ ಪರಿಚಯದವರು ರಿಯಾದ್‌ಗಳ ಫೋಟೊ ಕಳಿಸಿ, ಉಳಿದುಕೊಳ್ಳಲು ಯಾವುದು ಒಳ್ಳೇದು ಎಂದು ಕೇಳುತ್ತಾರೆ. ರಿಯಾದ್ ಎಂದರೆ ನಡುವೆ ಅಂಗಳವಿರುವ ಅಲ್ಲಿಯ ಹಳೇ ಮನೆ, ಈಗ ಅತಿಥಿಗೃಹ ಆಗಿರುವಂಥದ್ದು. ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ. ಬಣ್ಣದ ಟೈಲ್ಸ್ ಹಾಕಿದ ಅಂಗಳ, ನಡುವೆ ಕಾರಂಜಿ, ನೀರಿನಲ್ಲಿ ಗುಲಾಬಿ ದಳ. ಹಳೇ ಮನೆಗಳ ರಿಪೇರಿ ನನ್ನ ಕಸುಬು. ಮಣ್ಣಿನ ಗೋಡೆ, ಸುಣ್ಣದ ಗಾರೆ, ಮರದ ತೊಲೆಗಳ ನಡುವೆಯೇ ನನ್ನ ಕೆಲಸ. ಹಾಗಾಗಿ ನನ್ನ ಕಣ್ಣು ಕಾರಂಜಿ ಬಿಟ್ಟು ಗೋಡೆಯ ಬುಡಕ್ಕೆ ಹೋಗುತ್ತದೆ. ಅಲ್ಲಿ ಗಾರೆ ಉಬ್ಬಿದ್ದರೆ, ಬಿಳಿ ಉಪ್ಪು ಬಿಟ್ಟಿದ್ದರೆ, ಆ ಮನೆಯ ಕೆಳಗಿನ ಕೋಣೆ ಬೇಡ ಎಂದು ಹೇಳುತ್ತೇನೆ.

ಈ ಮನೆಗಳು ಹೋಟೆಲ್ ಆಗಲೆಂದು ಕಟ್ಟಿದವಲ್ಲ. ಮರಾಕೇಶ್, ಫೆಜ್ ಊರುಗಳಲ್ಲಿ ಮದೀನಾ ಎಂದರೆ ಕೋಟೆಗೋಡೆಯೊಳಗಿನ ಹಳೇ ಪೇಟೆ. ಅಲ್ಲಿ ಸ್ಥಿತಿವಂತ ಕುಟುಂಬಗಳು ಕಟ್ಟಿಕೊಂಡ ಮನೆಗಳಿವು. 1912ರಲ್ಲಿ ಫ್ರೆಂಚರ ಆಡಳಿತ ಬಂತು. ಅವರು ಹಳೇ ಪೇಟೆಗಳನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸ ಬಡಾವಣೆ ಕಟ್ಟಿದರು. ಕಾಲ ಕಳೆದಂತೆ, 1956ರ ಸ್ವಾತಂತ್ರ್ಯದ ನಂತರ ಇನ್ನೂ ಜಾಸ್ತಿ, ಉಳ್ಳವರು ಕಾರು ನಿಲ್ಲಿಸಲು ಜಾಗವಿರುವ ಹೊಸ ಊರಿಗೆ ಹೋದರು. ದೊಡ್ಡ ಮನೆಗಳಲ್ಲಿ ಕೋಣೆಗೊಂದು ಸಂಸಾರ ಬಾಡಿಗೆಗೆ ಬಂತು, ಕೆಲವು ಪಾಳು ಬಿದ್ದವು. 1985ರಲ್ಲಿ ಮರಾಕೇಶ್ ಮದೀನಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಫೆಜ್ ಅದಕ್ಕೂ ಮೊದಲೇ, 1981ರಲ್ಲಿ ಸೇರಿತ್ತು. 1990ರ ದಶಕದಿಂದ ವಿದೇಶಿಯರು, ಅದರಲ್ಲೂ ಫ್ರೆಂಚರು, ಈ ಮನೆಗಳನ್ನು ಕೊಂಡು ಅತಿಥಿಗೃಹ ಮಾಡತೊಡಗಿದರು. ಎಲ್ಲರೂ ಒಂದೇ ರೀತಿ ರಿಪೇರಿ ಮಾಡಿಸಲಿಲ್ಲ. ನಿಮ್ಮ ನಿದ್ದೆ, ನೆಮ್ಮದಿ ಎರಡೂ ಆ ರಿಪೇರಿಯ ಮೇಲೆ ನಿಂತಿದೆ.

ಮೊದಲು ಮನೆ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಓಣಿಯ ಕಡೆ ಬೋಳು ಗೋಡೆ, ಒಂದೇ ಬಾಗಿಲು. ಒಳಗೆ ಕಾಲಿಟ್ಟರೆ ನೇರ ಅಂಗಳ ಕಾಣುವುದಿಲ್ಲ. ಒಳದಾರಿ ಒಂದು ತಿರುವು ತೆಗೆದುಕೊಂಡು ಒಳಗೆ ಹೋಗುತ್ತದೆ, ಓಣಿಯಲ್ಲಿ ಹೋಗುವವರ ಕಣ್ಣು ಮನೆಯವರ ಮೇಲೆ ಬೀಳಬಾರದು ಅಂತ. ಕಿಟಕಿಗಳೆಲ್ಲ ಅಂಗಳಕ್ಕೇ. ನಮ್ಮ ಹಳೇ ಮೈಸೂರು ಸೀಮೆಯ ತೊಟ್ಟಿ ಮನೆ ನೆನಪಾಗುತ್ತದೆ ಅಲ್ವಾ? ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಹೆಂಚಿನ ಮಾಡು ಒಳಗೆ ಇಳಿದು ಮಳೆನೀರನ್ನು ತೊಟ್ಟಿಗೆ ಬಿಡುತ್ತದೆ. ಮರಾಕೇಶಿನಲ್ಲಿ ಮಳೆ ಕಡಿಮೆ, ತಾರಸಿ ಚಪ್ಪಟೆ. ಅಲ್ಲಿಯ ಅಂಗಳ ಇರುವುದು ಬಿಸಿಲಿನ ಜೊತೆ ಹೋರಾಡಲು. ಸುತ್ತ ಎತ್ತರದ ಗೋಡೆಗಳು ಹಗಲೆಲ್ಲ ನೆರಳು ಕೊಡುತ್ತವೆ. ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಅಂಗಳಕ್ಕೆ ಇಳಿಯುತ್ತದೆ, ಮಧ್ಯಾಹ್ನದವರೆಗೂ ಅಲ್ಲೇ ನಿಲ್ಲುತ್ತದೆ. ಕಾರಂಜಿಯ ನೀರು, ಕಿತ್ತಳೆ ಗಿಡಗಳು ಆ ತಂಪನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಅದಕ್ಕೇ ಅಂಗಳದ ಮೇಲೆ ಕಾಯಂ ಆಗಿ ಗಾಜನ್ನೋ ಪ್ಲಾಸ್ಟಿಕ್ಕನ್ನೋ ಹೊದಿಸಿದ ಮನೆ ಕಂಡರೆ ನನಗೆ ಸಂಕಟವಾಗುತ್ತದೆ. ಬಿಸಿಗಾಳಿಗೆ ಹೊರಹೋಗುವ ದಾರಿ ಇರುವುದಿಲ್ಲ, ಅಡುಗೆಮನೆಯ ವಾಸನೆ ಅಲ್ಲೇ ಸುತ್ತುತ್ತದೆ, ಕೊನೆಗೆ ಎಲ್ಲ ಕೋಣೆಗೂ ಏಸಿ ಹಾಕಬೇಕಾಗುತ್ತದೆ. ಚಳಿಗಾಲಕ್ಕೆ ಎಳೆದು ಬೇಸಿಗೆಯಲ್ಲಿ ಸರಿಸುವ ಹೊದಿಕೆಯಾದರೆ ಪರವಾಗಿಲ್ಲ.

ಹಿಂದೆ ಮನೆಯವರು ಕಾಲಕ್ಕೆ ತಕ್ಕ ಹಾಗೆ ಕೋಣೆ ಬದಲಾಯಿಸುತ್ತಿದ್ದರು. ಬೇಸಿಗೆಯಲ್ಲಿ ಕೆಳಗೆ, ಚಳಿಗಾಲದಲ್ಲಿ ಮೇಲೆ. ನೀವೂ ಹಾಗೇ ಮಾಡಿ. ಜುಲೈನಲ್ಲಿ ಮರಾಕೇಶಿನ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಆಗ ತಾರಸಿಗೆ ಅಂಟಿಕೊಂಡ ಕೋಣೆ ರಾತ್ರಿಯೂ ಕುದಿಯುತ್ತದೆ, ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಜನವರಿಯಲ್ಲಿ ರಾತ್ರಿ ಕೊರೆಯುವ ಚಳಿ, ದಪ್ಪ ಗೋಡೆ ಬೇಗ ಬಿಸಿಯಾಗುವುದಿಲ್ಲ. ಆಗ ಬಿಸಿಲು ಬೀಳುವ ಮೇಲಿನ ಕೋಣೆ ಕೇಳಿ, ಹೀಟರ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಕೋಣೆ ಉದ್ದವಾಗಿ, ಕಿರಿದಾಗಿ ಇದ್ದರೆ ಮೋಸ ಅಂದುಕೊಳ್ಳಬೇಡಿ. ದೇವದಾರು ತೊಲೆ ಎಷ್ಟು ಉದ್ದ ಸಿಗುತ್ತದೋ ಕೋಣೆಯ ಅಗಲ ಅಷ್ಟೇ. ಶಬ್ದದ ವಿಷಯದಲ್ಲಿ ಮಾತ್ರ ಈ ಮನೆಗಳು ಕಷ್ಟ. ಅಂಗಳದಲ್ಲಿ ಯಾರಾದರೂ ಫೋನಿನಲ್ಲಿ ಮಾತಾಡಿದರೆ ಮೂರು ಕಡೆಯ ಕೋಣೆಗೂ ಕೇಳುತ್ತದೆ. ಮೆಟ್ಟಿಲು, ಅಡುಗೆಮನೆ ಪಕ್ಕದ ಕೋಣೆ ಬಿಟ್ಟುಬಿಡಿ.

ಈಗ ಗೋಡೆಯ ವಿಷಯ. ಮರಾಕೇಶಿನಲ್ಲಿ ಹೆಚ್ಚಾಗಿ ಬಡಿದು ಗಟ್ಟಿ ಮಾಡಿದ ಕೆಮ್ಮಣ್ಣಿನ ಗೋಡೆ, ಫೆಜ್‌ನಲ್ಲಿ ಸುಟ್ಟ ಇಟ್ಟಿಗೆ. ಎರಡೂ ನೆಲದಿಂದ ತೇವ ಎಳೆಯುತ್ತವೆ. ಮೇಲೆ ಸುಣ್ಣದ ಗಾರೆ ಇದ್ದರೆ ಆ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಸಿಮೆಂಟ್ ಬಳಿದರೆ ದಾರಿ ಮುಚ್ಚಿಹೋಗುತ್ತದೆ. ತೇವ ಇನ್ನೂ ಮೇಲೆ ಏರಿ ಸಿಕ್ಕ ಕಡೆ ಹೊರಬರುತ್ತದೆ, ಹೊರಬರುವಾಗ ಉಪ್ಪನ್ನು ಬಿಟ್ಟು ಗಾರೆ ಉದುರಿಸುತ್ತದೆ. ಸಿಮೆಂಟ್ ಅಗ್ಗ, ಬೇಗ ಮುಗಿಯುತ್ತದೆ, ಫೋಟೊದಲ್ಲಿ ಚೆನ್ನಾಗಿಯೂ ಕಾಣುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಕೋಣೆಯಲ್ಲಿ ಬೂಷ್ಟು ವಾಸನೆ ಶುರುವಾಗುತ್ತದೆ. ಹಿಂದೆ ಕೋಣೆಗೊಂದು ಬಚ್ಚಲು ಇರಲಿಲ್ಲ. ಈಗ ಪ್ರತಿ ಕೋಣೆಗೂ ಶವರ್ ಬಂದಿದೆ, ಗೋಡೆಗೆ ಅಷ್ಟು ನೀರಿನ ಹೊರೆ.

ಬಚ್ಚಲಿಗೆ ಅವರದೇ ಒಳ್ಳೆಯ ಉಪಾಯ ಇದೆ, ತದೆಲಾಕ್ತ್. ಮರಾಕೇಶ್ ಸುತ್ತಲಿನ ಸುಣ್ಣಕ್ಕೆ ಬಣ್ಣ ಬೆರೆಸಿ ಗಾರೆ ಬಳಿಯುತ್ತಾರೆ. ಹಸಿ ಇರುವಾಗಲೇ ನುಣುಪಾದ ಕಲ್ಲಿನಿಂದ ಒತ್ತಿ ಒತ್ತಿ ಉಜ್ಜುತ್ತಾರೆ. ಆಮೇಲೆ ಆಲಿವ್ ಎಣ್ಣೆಯ ಕಪ್ಪು ಸೋಪು ತಿಕ್ಕುತ್ತಾರೆ. ಸೋಪು ಸುಣ್ಣದ ಜೊತೆ ಸೇರಿ ನೀರಿಗೆ ಕರಗದ ಪದರವಾಗುತ್ತದೆ. ಹಮಾಮ್, ಅಂದರೆ ಹಬೆಸ್ನಾನದ ಮನೆ, ಅದರ ಗೋಡೆಗಳಿಗೂ ಇದೇ. ಇದನ್ನು ಮಾಡುವ ಮೇಸ್ತ್ರಿಗೆ ಅಲ್ಲಿ ಮಾಲೆಮ್ ಎನ್ನುತ್ತಾರೆ, ಬಹಳ ಮರ್ಯಾದೆಯಿಂದ. ಅಸಲಿ ತದೆಲಾಕ್ತ್ ಗೋಡೆಯಲ್ಲಿ ಕಲ್ಲು ಓಡಾಡಿದ ಗುರುತು, ಕೂದಲೆಳೆಯಂಥ ಸಣ್ಣ ಬಿರುಕು, ದುಂಡು ಮೂಲೆ ಕಾಣುತ್ತವೆ. ಬಣ್ಣದ ಸಿಮೆಂಟಿಗೆ ಮೇಣ ಹಚ್ಚಿದ್ದಾದರೆ ಎಲ್ಲ ಕಡೆ ಒಂದೇ ಸಮ ಹೊಳಪು. ಅಸಲಿ ಗೋಡೆಗೆ ಹುಳಿ ಅಂಶದ ಕ್ಲೀನರ್ ತಾಕಿಸಬೇಡಿ, ಸುಣ್ಣ ಕರಗುತ್ತದೆ.

ತಾರಸಿಯ ಮೇಲಿನ ಈಜುಕೊಳದ ಬಗ್ಗೆಯೂ ಹೇಳಲೇಬೇಕು. 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಆಳದ ಸಣ್ಣ ಕೊಳ ಎಂದರೂ 6 ಟನ್ ನೀರು. ಮಣ್ಣಿನ ಗೋಡೆ, ಮರದ ತೊಲೆಯ ಮನೆಗೆ ಅದು ಸಣ್ಣ ಭಾರವಲ್ಲ. 2023ರ ಸೆಪ್ಟೆಂಬರ್ 8ರ ರಾತ್ರಿ ಅಟ್ಲಾಸ್ ಬೆಟ್ಟದಲ್ಲಿ 6.8 ತೀವ್ರತೆಯ ಭೂಕಂಪ ಆಯಿತು. ಸುಮಾರು 3,000 ಜನ ಸತ್ತರು, ಹೆಚ್ಚಿನವರು ಬೆಟ್ಟದ ಹಳ್ಳಿಗಳವರು. ಮರಾಕೇಶ್ ಮದೀನಾದಲ್ಲೂ ಹಳೇ ಮನೆಗಳು ಕುಸಿದವು, ಬಿರುಕು ಬಿಟ್ಟವು. ಭೂಕಂಪದ ನಂತರ ಎಂಜಿನಿಯರ್ ಪರೀಕ್ಷೆ ಮಾಡಿದ್ದಾರಾ ಎಂದು ಕೇಳುವುದು ಅತಿಥಿಯ ಹಕ್ಕು.

ಊಟದ ವಿಷಯಕ್ಕೆ ಒಂದು ಮಾತು. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿ. ಕುಸ್‌ಕುಸ್ ಎಂದರೆ ಗೋಧಿ ರವೆಯ ಸಣ್ಣ ಕಾಳಿನ ಊಟ. ಬರೀ ತರಕಾರಿಯಂತೆ ಕಾಣುವ ಅದರ ಸಾರಿಗೂ ಮಾಂಸದ ರಸ ಬಿದ್ದಿರುವುದುಂಟು. ಮುಂಚೆ ಹೇಳಿದರೆ ಪ್ರೀತಿಯಿಂದ ಬೇರೆ ಮಾಡಿಕೊಡುತ್ತಾರೆ. ಓಣಿಗಳಿಗೆ ಕಾರು ಬರುವುದಿಲ್ಲ, ಲಗೇಜಿಗೆ ತಳ್ಳುಗಾಡಿಯವನನ್ನು ಕಳಿಸಲು ಮನೆಯವರಿಗೇ ಹೇಳಿ.

ದುಡ್ಡು ಕಟ್ಟುವ ಮುಂಚೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ. ಗೋಡೆಗೆ ಸುಣ್ಣವೋ ಸಿಮೆಂಟೋ, ಕೆಲಸ ಮಾಡಿದ ಮಾಲೆಮ್ ಯಾವ ಊರಿನವರು, ಅಂಗಳದ ಹೊದಿಕೆ ಸರಿಯುತ್ತದೋ ಇಲ್ಲವೋ? ಮನಸ್ಸಿಟ್ಟು ರಿಪೇರಿ ಮಾಡಿಸಿದವರು ಇದಕ್ಕೆ ಖುಷಿಯಿಂದ ಉದ್ದ ಉತ್ತರ ಬರೆಯುತ್ತಾರೆ. ಕೆಲಸ ನಡೆಯುವಾಗಿನ ಫೋಟೊ ಇದ್ದರೆ ಅದನ್ನೂ ಕೇಳಿ, ಗಾರೆ ಬಳಿಯುವ ಮುಂಚಿನ ಗೋಡೆ ಅದರಲ್ಲಿ ಕಾಣುತ್ತದೆ.