ಸ್ಕಿಡಾಮ್‌ನ ಲೀಡ್ವಿ: ಡಚ್ ಪುಸ್ತಕಕ್ಕೆ ಯಾಕಿಷ್ಟು ಗೊಂದಲ?

ಮಂಜುಗಡ್ಡೆಯ ಮೇಲೆ ಒಬ್ಬ ಹುಡುಗಿ ಬಿದ್ದಿದ್ದಾಳೆ. ಹೆಂಗಸರು ಅವಳನ್ನು ಎತ್ತಲು ಬಂದಿದ್ದಾರೆ. ಹಿಂದೆ ಒಬ್ಬ ಗಂಡಸು ಸ್ಕೇಟ್ ಮಾಡುತ್ತಿದ್ದಾನೆ. ಮರದ ಅಚ್ಚಿನಿಂದ ಒತ್ತಿದ ಈ ಚಿತ್ರವನ್ನು ಸ್ಕೇಟಿಂಗ್ ಇತಿಹಾಸ ಹೇಳುವವರು ಬಿಡದೆ ತೋರಿಸುತ್ತಾರೆ. ಅಚ್ಚಾದ ಪುಸ್ತಕದಲ್ಲಿ ಸ್ಕೇಟಿಂಗ್ ಕಾಣಿಸಿಕೊಂಡದ್ದು ಇಲ್ಲೇ ಮೊದಲು ಅಂತ ಲೆಕ್ಕ.

ಆ ಹುಡುಗಿ ನೆದರ್‌ಲ್ಯಾಂಡ್ಸ್‌ನ ಸ್ಕಿಡಾಮ್ ಊರಿನ ಲಿಡ್ವಿನಾ, ಅಂದರೆ ಲೀಡ್ವಿ. ಹುಟ್ಟಿದ್ದು 1380ರಲ್ಲಿ. 15ನೇ ವಯಸ್ಸಿನಲ್ಲಿ ಬಿದ್ದು ಪಕ್ಕೆಲುಬು ಮುರಿದುಕೊಂಡಳು. ಆಮೇಲೆ ಏಳಲೇ ಇಲ್ಲ. 1433ರಲ್ಲಿ ಸಾಯುವವರೆಗೆ, ಸುಮಾರು 38 ವರ್ಷ, ಹಾಸಿಗೆಯೇ ಗತಿ. ಅವಳು ಅನ್ನ ನೀರು ಬಿಟ್ಟು ಬದುಕಿದ್ದಾಳೆ ಎಂದು 1421ರಲ್ಲಿ ಊರಿನ ಆಡಳಿತವೇ ಬರೆದುಕೊಟ್ಟಿತು. ಜನ ಅವಳನ್ನು ಸಂತಳೆಂದು ನಂಬಿದರು.

ಚಿತ್ರ ಇರುವುದು 1498ರಲ್ಲಿ ಸ್ಕಿಡಾಮ್‌ನಲ್ಲೇ ಅಚ್ಚಾದ ಅವಳ ಲ್ಯಾಟಿನ್ ಜೀವನ ಚರಿತ್ರೆಯಲ್ಲಿ. ಬರೆದವರು ಯೊಹಾನ್ನೆಸ್ ಬ್ರುಗ್ಮನ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ. ಡಚ್ ಭಾಷೆಯಲ್ಲಿ ಅವಳ ಜೀವನ ಚರಿತ್ರೆ ಅದಕ್ಕಿಂತ 11 ವರ್ಷ ಮೊದಲೇ, 1487ರಲ್ಲಿ, ಡೆಲ್ಫ್ಟ್‌ನಲ್ಲಿ ಅಚ್ಚಾಗಿತ್ತು. 1496ರಲ್ಲಿ ಗೌಡಾ ಊರಿನಲ್ಲಿ ಇನ್ನೊಮ್ಮೆ ಬಂತು. ಲ್ಯಾಟಿನ್ ಬಾರದ ನೆರೆಹೊರೆಯವರು ಓದಬಹುದಾಗಿದ್ದ, ಓದಿಸಿ ಕೇಳಬಹುದಾಗಿದ್ದ ಪುಸ್ತಕ ಅದೇ. ಆದರೂ ಮಾತು ಬಂದಾಗಲೆಲ್ಲ ಲ್ಯಾಟಿನ್ನಿನದೇ ಹೆಸರು ಮುಂದೆ.

ಡಚ್ ಪುಸ್ತಕವನ್ನು ಹುಡುಕುವುದರಲ್ಲೂ ಗೊಂದಲ, ಬರೆದವರು ಯಾರು ಎನ್ನುವುದರಲ್ಲೂ ಗೊಂದಲ. ಅದರ ಬೇರು ಆ ಕಾಲದ ಪುಸ್ತಕಗಳಲ್ಲೇ ಇದೆ. 1500ರ ಕೊನೆಯವರೆಗೆ ಅಚ್ಚಾದವನ್ನು ಡಚ್ಚರು ವೀಗನ್‌ಡ್ರುಕ್ ಅನ್ನುತ್ತಾರೆ. ತೊಟ್ಟಿಲ ಅಚ್ಚು ಅಂತ ಅರ್ಥ. ಈಗಿನ ಹಾಗೆ ಮುಖಪುಟ, ಲೇಖಕರ ಹೆಸರು, ಪ್ರಕಾಶಕರ ವಿಳಾಸ ಎಲ್ಲದರಲ್ಲೂ ಸಿಗುವುದಿಲ್ಲ. ಊರು, ವರ್ಷ ಇದ್ದರೆ ಕೊನೆಯ ಪುಟದಲ್ಲಿ ಒಂದೆರಡು ಸಾಲು. ಆ ಹಾಳೆ ಕಿತ್ತುಹೋಗಿದ್ದರೆ ಕಥೆ ಮುಗಿಯಿತು. ಆಗ ಅಕ್ಷರಗಳನ್ನೇ ಕೇಳಬೇಕು. ಒಂದೊಂದು ಅಚ್ಚುಕೂಟದ ಸೀಸದ ಅಕ್ಷರಗಳಿಗೂ ತಮ್ಮದೇ ರೂಪ ಇರುತ್ತಿತ್ತು. ಪರೀಕ್ಷಿಸುವವರು 20 ಸಾಲುಗಳ ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ದೊಡ್ಡಕ್ಷರಗಳ ಬಾಗು, ಬಳುಕು ಹೋಲಿಸುತ್ತಾರೆ. 19ನೇ ಶತಮಾನದಲ್ಲಿ ಹೇಗ್‌ನ ಹಾಲ್ಟ್ರಾಪ್, ಕೇಂಬ್ರಿಜ್‌ನ ಹೆನ್ರಿ ಬ್ರಾಡ್‌ಶಾ ಎಂಬ ಗ್ರಂಥಪಾಲಕರು ಹೀಗೆ ಕಣ್ಣಿಟ್ಟು ನೋಡಿದ್ದರಿಂದಲೇ ಎಷ್ಟೋ ಅನಾಥ ಪುಸ್ತಕಗಳಿಗೆ ಊರು ಸಿಕ್ಕಿತು. 1874ರಲ್ಲಿ ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ಗ್ರಂಥಪಾಲಕರು ಈ ಭಾಗದ ತೊಟ್ಟಿಲ ಅಚ್ಚುಗಳ ದೊಡ್ಡ ಪಟ್ಟಿ ತಂದರು. ಈ ತಾಳ್ಮೆಯ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು.

ಹೆಸರಿನ ತೊಡಕು ಬೇರೆ. ಡಚ್ ಪುಸ್ತಕದಲ್ಲಿ ಅವಳು ಲೀಡ್ವಿ. ಲ್ಯಾಟಿನ್ನಿನಲ್ಲಿ ಲಿಡ್ವಿನಾ. ಚರ್ಚಿನಲ್ಲಿ ಲಿಡುಯಿನಾ, ಫ್ರೆಂಚಿನಲ್ಲಿ ಲಿಡ್ವಿನ್, ಇಂದಿನ ಡಚ್‌ನಲ್ಲಿ ಲೀಡೆವೈ. ಒಂದು ಕಾಗುಣಿತ ಹಿಡಿದು ಹುಡುಕಿದರೆ ಇನ್ನೊಂದರ ಕೆಳಗಿರುವ ಪ್ರತಿ ಕಣ್ಣಿಗೇ ಬೀಳದೆ ಹೋಗಬಹುದು.

ಇನ್ನು ಬರೆದವರು ಯಾರು ಅನ್ನುವ ಜಗಳ. ಸಂತರ ಚರಿತ್ರೆಗಳನ್ನು ಒಟ್ಟುಗೂಡಿಸಿದ ಬೊಲ್ಲಾಂಡಿಸ್ಟರು 1675ರಲ್ಲಿ ಒಂದು ಲ್ಯಾಟಿನ್ ಚರಿತ್ರೆಯನ್ನು ಅಚ್ಚು ಹಾಕಿದರು. ಲಿಡ್ವಿನಾಳ ನೆಂಟ ಯಾನ್ ಗೆರ್ಲಾಕ್ ಡಚ್‌ನಲ್ಲಿ ಬರೆದದ್ದನ್ನು ಬ್ರುಗ್ಮನ್ ಲ್ಯಾಟಿನ್ನಿಗೆ ತಂದರು ಎಂಬುದು ಅವರ ನಂಬಿಕೆ. ಇತ್ತೀಚಿನ ಸಂಶೋಧಕರು ಇದನ್ನು ತಿರುವಿ ಹಾಕಿದರು. ಮೊದಲು ಹುಟ್ಟಿದ್ದು ಲ್ಯಾಟಿನ್, ಡಚ್ ಅದರ ಅನುವಾದ ಎಂದರು. ಇರಬಹುದು. ಆದರೆ ಅನುವಾದ ಅಂದ ತಕ್ಷಣ ಪುಸ್ತಕವನ್ನು ಪಕ್ಕಕ್ಕೆ ಸರಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಮಗ್ಗುಲು ಬದಲಿಸಲೂ ಆಗದ ಒಬ್ಬ ಹೆಂಗಸಿನ ನೋವನ್ನು ಅವಳಾಡಿದ ಭಾಷೆಯಲ್ಲೇ ಹೇಳುವುದು ಸಣ್ಣ ಕೆಲಸ ಅಲ್ಲ, ಅಲ್ವಾ?

ಉಳಿದದ್ದು ಬೇಗ ಹೇಳಬಹುದು. 16ನೇ ಶತಮಾನದ ಧಾರ್ಮಿಕ ಬದಲಾವಣೆಯಲ್ಲಿ ಮಠಗಳು ಮುಚ್ಚಿದವು, ಅವುಗಳ ಪುಸ್ತಕಗಳು ಚೆದುರಿದವು. 17ನೇ ಶತಮಾನದಲ್ಲಿ ಅವಳ ಅಸ್ಥಿಯನ್ನು ಬ್ರಸೆಲ್ಸ್‌ಗೆ ಸಾಗಿಸಿದರು. ಅದು ಮರಳಿ ಊರಿಗೆ ಬಂದದ್ದು 1871ರಲ್ಲಿ. 1890ರಲ್ಲಿ ಪೋಪ್ 13ನೇ ಲಿಯೋ ಅವಳ ಆರಾಧನೆಗೆ ಮುದ್ರೆ ಒತ್ತಿದರು. 20ನೇ ಶತಮಾನದಲ್ಲಿ ವೈದ್ಯರು ಹಳೆಯ ಚರಿತ್ರೆಗಳನ್ನು ಓದಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರಬಹುದು ಎಂದರು. ಅವಳ ಕೈಕಾಲು, ಕಣ್ಣಿಗೆ ಏನೇನಾಯಿತು ಎಂದು ಚರಿತ್ರೆಕಾರರು ಬಿಡಿಸಿ ಬರೆದಿದ್ದರಿಂದ ತಾನೇ ಆ ಊಹೆ ಸಾಧ್ಯವಾದದ್ದು?

ಡಚ್ ಪಠ್ಯಕ್ಕೂ ಕೊನೆಗೆ ಒಳ್ಳೆಯ ದಿನ ಬಂತು. ಲುಡೊ ಯೊಂಗನ್ ಮತ್ತು ಕೇಸ್ ಸ್ಕೊಟೆಲ್ ಉಳಿದ ಆಕರಗಳನ್ನು ಜೋಡಿಸಿ ಅದನ್ನು ಸಂಪಾದಿಸಿದರು. ಹಳೆಯ ಡಚ್ ಜೊತೆಗೆ ಇಂದಿನ ಡಚ್ ಅನುವಾದವನ್ನೂ ಕೊಟ್ಟರು. ಪುಸ್ತಕದ ಹೆಸರಿನಲ್ಲಿ ಅವರು ಇಟ್ಟುಕೊಂಡದ್ದು ಲ್ಯಾಟಿನ್ನಿನ ಲಿಡ್ವಿನಾ ಅಲ್ಲ, ಲೀಡೆವೈ.