ಕಾರಣದ ಕಾಲಂನಲ್ಲಿ ಆಪರೇಟರ್ ಹೆಸರು

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಕ್ವಾಲಿಟಿ ವಿಷಯದಲ್ಲಿ ಸಲಹೆ ಕೊಡುವುದು ನನ್ನ ಕೆಲಸ. ಕಸ್ಟಮರ್ ಕಂಪ್ಲೇಂಟ್ ಬಂದಾಗ ಮ್ಯಾನೇಜರ್‌ಗಳು ‘ಐದು ಯಾಕೆ’ ಶೀಟ್ ತುಂಬುತ್ತಾರೆ, ಅಲ್ವಾ? ಒಂದರ ಮೇಲೊಂದು ‘ಯಾಕೆ’ ಕೇಳುತ್ತಾ ಮೂಲ ಕಾರಣ ಹುಡುಕುವ ಕಾಗದ ಅದು. ಅಂಥ ಶೀಟುಗಳನ್ನು ವರ್ಷಗಳಿಂದ ಓದುತ್ತಿದ್ದೇನೆ. ಹೆಚ್ಚಿನವುಗಳ ಕೊನೆಯ ಸಾಲು ಒಂದೇ: ‘ಆಪರೇಟರ್ ನಿರ್ಲಕ್ಷ್ಯ. ಟ್ರೈನಿಂಗ್ ಕೊಡಲಾಗಿದೆ.’ ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಯಾಕಂದರೆ ಕೆಲವೇ ತಿಂಗಳಲ್ಲಿ ಅದೇ ಕಂಪ್ಲೇಂಟ್ ಮತ್ತೆ ಬರುತ್ತದೆ.

ಒಂದು ಕಡೆ ಅಲ್ಯೂಮಿನಿಯಂ ಹೌಸಿಂಗ್ ಮಾಡುತ್ತಿದ್ದರು. 50 ಮಿ.ಮೀ. ಬೋರ್, ಅಂದರೆ ಒಳಗಿನ ದುಂಡು ತೂತು. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, 25 ಮೈಕ್ರಾನ್ (ಒಂದು ಮಿ.ಮೀ.ಗೆ ಸಾವಿರ ಮೈಕ್ರಾನ್). ಬೋರ್ ಚಿಕ್ಕದಾಗಿದೆ ಅಂತ ಮೂರನೇ ಸಲ ಲಾಟ್ ವಾಪಸ್ ಬಂದಿತ್ತು. ಎಲ್ಲವೂ ಸೆಕೆಂಡ್ ಶಿಫ್ಟ್ ಪೀಸುಗಳು. ಆಪರೇಟರ್ ಐಟಿಐ ಓದಿದ ಹುಡುಗ, ಮಾತು ಕಡಿಮೆ. ಅವನಿಗೆ ಆಗಲೇ ಮೆಮೊ ಹೋಗಿತ್ತು. ‘ಅವನಿಗೆ ಗಮನವೇ ಇಲ್ಲ ಸಾರ್, ಬೇರೆಯವರನ್ನ ಹಾಕ್ತೀನಿ’ ಅಂದರು ಮ್ಯಾನೇಜರ್. ‘ಹಾಕಿ, ಆದರೆ ಇವತ್ತು ರಾತ್ರಿ ಒಂದು ಗಂಟೆ ಹೊತ್ತು ನನ್ನ ಜೊತೆ ಮೆಷಿನ್ ಹತ್ತಿರ ನಿಲ್ಲಿ’ ಅಂದೆ.

ನಿಂತೆವು. ಹುಡುಗ ಪೀಸ್ ತೆಗೆದ. ಏರ್ ಗನ್‌ನಿಂದ ಕೂಲೆಂಟ್ ಊದಿದ, ಬಟ್ಟೆಯಲ್ಲಿ ಒರೆಸಿದ, ಬೋರ್ ಗೇಜ್ ಇಳಿಸಿದ. ಮುಳ್ಳು ಪ್ಲಸ್ ಕಡೆ ಹೋಯಿತು, ಅಂದರೆ ಬೋರ್ ದೊಡ್ಡದು. ಆಫ್‌ಸೆಟ್ (ಟೂಲ್ ಎಷ್ಟು ಕತ್ತರಿಸಬೇಕು ಅಂತ ಮೆಷಿನ್‌ಗೆ ಕೊಡುವ ತಿದ್ದುಪಡಿ) ಕಡಿಮೆ ಮಾಡಿ ಮುಂದಿನ ಪೀಸ್ ಕಟ್ಟಿದ. ಅವನಿಗೆ ಕಲಿಸಿದ್ದೇ ಹಾಗೆ. ನಾನು ಆ ಪೀಸ್ ಕೈಗೆ ತಗೊಂಡೆ. ಚೆನ್ನಾಗಿ ಬಿಸಿ ಇತ್ತು. ಮ್ಯಾನೇಜರ್ ಕೈಗೆ ಕೊಟ್ಟೆ.

ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 50 ಮಿ.ಮೀ. ಬೋರ್ 20 ಡಿಗ್ರಿ ಜಾಸ್ತಿ ಬಿಸಿ ಇದ್ದರೆ ಲೆಕ್ಕಕ್ಕೆ 23 ಮೈಕ್ರಾನ್ ದೊಡ್ಡದಾಗಿರುತ್ತದೆ. ಟಾಲರೆನ್ಸ್ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಹೋಯಿತು. ಬಿಸಿಯಲ್ಲಿ ದೊಡ್ಡದಾಗಿದ್ದನ್ನು ನೋಡಿ ಅವನು ತಗ್ಗಿಸಿದ, ಪೀಸ್ ಆರಿದ ಮೇಲೆ ಬೋರ್ ಚಿಕ್ಕದಾಯಿತು.

ಹಗಲು ಯಾಕೆ ಹೀಗಾಗುತ್ತಿರಲಿಲ್ಲ? ಹಗಲಿನ ಪೀಸುಗಳು ಇನ್‌ಸ್ಪೆಕ್ಷನ್ ರೂಮಿಗೆ ಹೋಗಿ, ಆರಿದ ಮೇಲೆ ಅಳತೆ ಆಗುತ್ತಿದ್ದವು. ರಾತ್ರಿ ಆ ರೂಮಿಗೆ ಬೀಗ. ಬೀಗ ಯಾಕೆ? ಇನ್‌ಸ್ಪೆಕ್ಟರ್ ಓಟಿ ಉಳಿಸಲು ಇದೇ ಮ್ಯಾನೇಜರ್ ಆರು ತಿಂಗಳ ಹಿಂದೆ ಹಾಗೆ ತೀರ್ಮಾನ ಮಾಡಿದ್ದರು. ಆಗ ಆರ್ಡರ್ ಕಡಿಮೆ ಇತ್ತು, ತೀರ್ಮಾನ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಮೂರು ಶೀಟ್ ತುಂಬುವಾಗಲೂ ಅದು ಅವರಿಗೆ ನೆನಪಾಗಲಿಲ್ಲ.

‘ಐದು ಯಾಕೆ’ ಬಂದದ್ದು ಟೊಯೋಟಾದಿಂದ. ಅಲ್ಲಿನ ತೈಚಿ ಓನೊ ಕೊಟ್ಟ ಉದಾಹರಣೆ ನೋಡಿ. ಓವರ್‌ಲೋಡ್ ಆಗಿ ಫ್ಯೂಸ್ ಹೋಯಿತು, ಮೆಷಿನ್ ನಿಂತಿತು. ಬೇರಿಂಗ್‌ಗೆ ಎಣ್ಣೆ ಸಾಲದ್ದರಿಂದ ಓವರ್‌ಲೋಡ್. ಪಂಪ್ ಸರಿಯಾಗಿ ಎತ್ತದ್ದರಿಂದ ಎಣ್ಣೆ ಸಾಲಲಿಲ್ಲ. ಪಂಪಿನ ಶಾಫ್ಟ್ ಸವೆದಿತ್ತು. ಜಾಲರಿ ಇಲ್ಲದೆ ಲೋಹದ ಚೂರು ಒಳಗೆ ಹೋಗಿ ಸವೆದಿತ್ತು. ಇಷ್ಟರಲ್ಲಿ ಎಲ್ಲೂ ಒಬ್ಬರ ಹೆಸರಿಲ್ಲ. ಕೊನೆಗೆ ಸಿಕ್ಕಿದ್ದು ನಾಳೆಯೇ ಹಾಕಬಹುದಾದ ಒಂದು ಜಾಲರಿ.

ಆಪರೇಟರ್ ತಪ್ಪೇ ಮಾಡುವುದಿಲ್ಲ ಅಂತಲ್ಲ. ಬೇಕಂತಲೇ ಅಳತೆ ಬಿಟ್ಟವರನ್ನೂ ಕಂಡಿದ್ದೇನೆ. ಪ್ರತಿ ಸಲ ಐದಕ್ಕೇ ಕಾರಣ ಸಿಗುತ್ತದೆ ಅಂತಲೂ ಅಲ್ಲ, ಕೆಲವೊಮ್ಮೆ ದಾರಿ ಎರಡಾಗಿ ಕವಲೊಡೆಯುತ್ತದೆ. ಆದರೆ ಶೀಟಿನಲ್ಲಿ ಹೆಸರು ಬಂತೆಂದರೆ ದಯವಿಟ್ಟು ಅಲ್ಲಿಗೆ ನಿಲ್ಲಿಸಬೇಡಿ. ಆ ಜಾಗದಲ್ಲಿ ಬೇರೆಯವರು ನಿಂತಿದ್ದರೂ ಇದೇ ಆಗುತ್ತಿತ್ತಾ ಅಂತ ಕೇಳಿ. ಹೌದು ಅನ್ನಿಸಿದರೆ ಇನ್ನೊಂದು ‘ಯಾಕೆ’ ಬಾಕಿ ಇದೆ. ಅದಕ್ಕೆ ಉತ್ತರ ಆಫೀಸಿನಲ್ಲಿ ಕೂತು ಬರೆಯಬೇಡಿ. ಮೆಷಿನ್ ಹತ್ತಿರ ಹೋಗಿ, ತೊಂದರೆ ಆಗುವ ಶಿಫ್ಟ್‌ನಲ್ಲೇ ಹೋಗಿ.

ಈಗ ಆ ಮೆಷಿನ್ ಪಕ್ಕ ಒಂದು ರ್‍ಯಾಕ್ ಇದೆ. ಪೀಸ್ ಅಲ್ಲಿ ಆರುವ ತನಕ ಆಫ್‌ಸೆಟ್ ಮುಟ್ಟುವಂತಿಲ್ಲ. ಮ್ಯಾನೇಜರ್ ಮೆಮೊ ವಾಪಸ್ ತಗೊಂಡರು. ರ್‍ಯಾಕ್ ಎಲ್ಲಿ ಇಟ್ಟರೆ ಅನುಕೂಲ ಅಂತ ಕೇಳಿದ್ದು ಆ ಹುಡುಗನನ್ನೇ.